ಉಪ್ಪಾಗೆ ಹಣ್ಣಾಗುವ ತನಕ ಕಾಯುವವರು ಯಾರು?

ಕಾಡು, ಬೆಟ್ಟ, ಅಡುಗೆಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದ ಕಾಡುಹಣ್ಣುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉಪ್ಪಾಗೆಯದ್ದೇ, ಅಂದರೆ ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಕಾಡುಹಣ್ಣಿನದ್ದೇ. ಸಿದ್ದಾಪುರದ ಕಡೆ ನಮ್ಮದೊಂದು ಹೆಂಗಸರ ಗುಂಪಿದೆ. ಉಪ್ಪಾಗೆ, ಮುರುಗಲು (ಕೋಕಂ) ಒಣಗಿಸಿ ಮಾರುತ್ತೇವೆ. ನನ್ನ ಉತ್ತರಗಳೆಲ್ಲ ಆ ಕೆಲಸದಿಂದ ಬಂದವು. ಕೆಲವು ಉದ್ದ ಆಗಿವೆ, ತಾಳ್ಮೆಯಿಂದ ಓದಿ.

ಪ್ರಶ್ನೆ: ಅಕ್ಕಾ, ನಮ್ಮದು ಹೊನ್ನಾವರ ತಾಲ್ಲೂಕಿನಲ್ಲಿ ಘಟ್ಟದ ಬುಡದ ಊರು. ಜೂನ್ ಬಂದ ಕೂಡಲೇ ಉಪ್ಪಾಗೆಗೆ ಹೋಗುತ್ತೇವೆ. ಹಸಿರು ಕಾಯಿ ಕೊಯ್ಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಮಗೂ ಗೊತ್ತು. ಆದರೆ ನಾನು ಬಿಟ್ಟು ಬಂದ ಮರವನ್ನು ಮಾರನೇ ದಿನ ಬೇರೆಯವರು ಬೋಳು ಮಾಡಿರುತ್ತಾರೆ. ನಾನೊಬ್ಬಳೇ ಬಿಟ್ಟರೆ ಕಾಡು ಉಳಿಯುತ್ತದಾ? ಮಕ್ಕಳ ಶಾಲೆ ಖರ್ಚು ನಡೆಯುವುದು ಇದರಿಂದಲೇ.
– ಓದುಗರೊಬ್ಬರು, ಹೊನ್ನಾವರ ತಾಲ್ಲೂಕು

ಉತ್ತರ: ತಂಗೀ, ನೀನು ಕೇಳಿದ್ದೇ ಇಡೀ ವಿಷಯದ ಬೇರು. ಮರದ ಮೇಲೆ ಯಾರಿಗೂ ಗಟ್ಟಿ ಹಕ್ಕಿಲ್ಲದ ಕಡೆ ಕಾದವರಿಗೆ ನಷ್ಟ, ಮೊದಲು ಹೋದವರಿಗೆ ಲಾಭ. ನಮ್ಮಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಡಿಕೆ ತೋಟದವರಿಗೆ ಸೊಪ್ಪು ತರಲು ಬಿಟ್ಟಿರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಅಲ್ಲಿರುವ ಉಪ್ಪಾಗೆ ಮರದಲ್ಲಿ ಹಣ್ಣು ಹಳದಿಯಾಗುತ್ತದೆ. ಅಗಳ (ಗಡಿಯ ಕಂದಕ) ದಾಟಿ ಆಚೆ ಸರ್ಕಾರಿ ಕಾಡಿಗೆ ಹೋದರೆ ಹಳದಿ ಹಣ್ಣು ಕಾಣುವುದೇ ಅಪರೂಪ. ಅದೇ ಜಾತಿಯ ಮರ, ಅದೇ ಮಣ್ಣು, ಅದೇ ಮಳೆ. ಈಚೆ ಬದಿಗೆ ಕಾಯಲು ಒಬ್ಬರಿದ್ದಾರೆ. ಆಚೆ ಕಾದು ಕೂತರೆ ಬರಿಗೈಯಲ್ಲಿ ವಾಪಸ್ ಬರಬೇಕು.

ಇದಕ್ಕೆ ಟೆಂಡರ್ ಪದ್ಧತಿಯೂ ಸೇರಿಕೊಂಡಿತು. ಕಾಡಿನ ಇಂತಿಷ್ಟು ಭಾಗದ ಹಣ್ಣು-ಕಾಯಿ ಸಂಗ್ರಹದ ಹಕ್ಕನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರರಿಗೆ ತಮ್ಮ ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ವಾಪಸ್ ಬರಬೇಕು. ಹತ್ತು ವರ್ಷದ ನಂತರ ಆ ಮರ ಇರುತ್ತದೋ ಇಲ್ಲವೋ ಎಂಬುದು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಅವರ ಏಜೆಂಟರು ಮೇ ತಿಂಗಳಲ್ಲೇ ಮುಂಗಡ ಕೊಟ್ಟು ಹೋಗುತ್ತಾರೆ. ಮುಂಗಡ ತಿಂದವರು ಬೇಗ ಮಾಲು ಕೊಡಬೇಕು, ಅಲ್ವಾ? ಹಸಿರು ಕಾಯಿ ಮನೆಗೆ ಬರುವುದು ಹೀಗೆ.

ಹಸಿರು ಕಾಯಿಯಿಂದ ಆಗುವ ನಷ್ಟ ಬಹಳ. ಬೀಜ ಬಲಿತಿರುವುದಿಲ್ಲ, ಹಾಗಾಗಿ ಕಾಡಿಗೆ ಸಸಿಯಿಲ್ಲ, ನಮಗೆ ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವಿಲ್ಲ. ಸಿಪ್ಪೆ ತೆಳ್ಳಗಿರುತ್ತದೆ, ತೂಕ ಬರುವುದಿಲ್ಲ. ಒಣಗಿದ ಮೇಲೆ ಬಣ್ಣವೂ ಚೆನ್ನಾಗಿರದು, ವ್ಯಾಪಾರಿ ಅದನ್ನೇ ತೋರಿಸಿ ದರ ಇಳಿಸುತ್ತಾನೆ. ಹಸಿರು ಕಾಯಿ ತಾನಾಗಿ ಉದುರುವುದಿಲ್ಲವಾದ್ದರಿಂದ ಮರ ಹತ್ತಲೇಬೇಕು, ಇಲ್ಲವೇ ಟೊಂಗೆ ಕಡಿಯಬೇಕು. ಕಡಿದ ಟೊಂಗೆಯಲ್ಲಿ ಮುಂದಿನ ವರ್ಷದ ಫಸಲು ಹೋಯಿತು. ಹತ್ತುವುದಂತೂ ಜೀವದ ಪ್ರಶ್ನೆ. ಮಳೆಗಾಲದಲ್ಲಿ ಪಾಚಿ ಹಿಡಿದ ಉಪ್ಪಾಗೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಿಮ್ಮೂರಲ್ಲೂ ಇದ್ದಾರು, ನಮ್ಮೂರಲ್ಲೂ ಇದ್ದಾರೆ. ಹಣ್ಣಾದದ್ದು ತಾನಾಗಿ ಕೆಳಗೆ ಬೀಳುತ್ತದೆ. ಬುಡದಲ್ಲಿ ಹಳೆ ಬಲೆ ಅಥವಾ ತಾಡಪತ್ರಿ ಹಾಸಿದರೆ ಮುದುಕಿಯರೂ ಆರಿಸಿ ತರಬಹುದು.

ಹಾಗಾದರೆ ಏನು ಮಾಡುವುದು? ನೀನೊಬ್ಬಳೇ ಮಾಡುವಂಥದ್ದು ಹೆಚ್ಚೇನಿಲ್ಲ, ಅದನ್ನು ಸುಮ್ನೆ ಮುಚ್ಚಿಡುವುದಿಲ್ಲ. ಕೇರಿಯವರೆಲ್ಲ ಕೂತು ಮಾತಾಡಿದರೆ ಮಾತ್ರ ಆಗುತ್ತದೆ. ನಮ್ಮಲ್ಲಿ ಮಾಡಿಕೊಂಡ ಒಪ್ಪಂದವನ್ನು ಹೇಳುತ್ತೇನೆ. ಯಾವ ಹಳ್ಳದ ಬದಿಯ ಮರ ಯಾವ ಮನೆಯವರದ್ದು ಎಂದು ಮೊದಲೇ ಹಂಚಿಕೊಂಡಿದ್ದೇವೆ. ಇದು ಕಾಗದದ ಮೇಲಿನ ಹಕ್ಕಲ್ಲ, ಊರಿನ ಮಾತು. ಮೊದಲ ಹಣ್ಣು ಹಳದಿಯಾಗಿ ನೆಲಕ್ಕೆ ಬೀಳುವುದನ್ನು ಹಿರಿಯರು ನೋಡಿ ಹೇಳಿದ ಮೇಲೆಯೇ ಕೊಯ್ಲು. ಅದಕ್ಕೂ ಮೊದಲು ಯಾರೇ ತಂದರೂ ನಮ್ಮ ಗುಂಪು ಕೊಳ್ಳುವುದಿಲ್ಲ, ಸ್ವಂತ ಅಣ್ಣನೇ ತಂದರೂ ಇಲ್ಲ. ದೋಟಿಗೆ ಎಟುಕದ ಮೇಲಿನ ಹಣ್ಣು ಮರಕ್ಕೇ ಬಿಡಬೇಕು. ಅದನ್ನು ತಿನ್ನುವವರು ಬೇರೆ ಇದ್ದಾರೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಉಪ್ಪಾಗೆಯೂ ಒಂದು ಆಹಾರ.

ಇನ್ನೊಂದು ಮಾತು. ಹಸಿ ಸಿಪ್ಪೆಯನ್ನೇ ಮಾರುತ್ತಿದ್ದರೆ ವ್ಯಾಪಾರಿಯ ಮುಂದೆ ನಿಮ್ಮ ಕೈ ಕೆಳಗೇ ಇರುತ್ತದೆ. ಹಸಿಯದ್ದು ಬೇಗ ಕೆಡುತ್ತದೆ, ಆದ್ದರಿಂದ ಅವತ್ತಿನ ದರಕ್ಕೆ ಅವತ್ತೇ ಕೊಡಬೇಕು. ಚೆನ್ನಾಗಿ ಒಣಗಿಸಿದ ಸಿಪ್ಪೆ ವರ್ಷ ಕಳೆದರೂ ಕೆಡದು. ದರ ಬರುವ ತನಕ ಅಟ್ಟದ ಮೇಲೆ ಇಟ್ಟುಕೊಳ್ಳಬಹುದು. ಮುಂಗಡದ ಬದಲಿಗೆ ನಿಮ್ಮ ಸ್ವಸಹಾಯ ಸಂಘದಿಂದ ಮೇ ತಿಂಗಳಲ್ಲಿ ಸಣ್ಣ ಸಾಲ ಸಿಗುವಂತೆ ಮಾಡಿಕೊಂಡರೆ, ಆ ಒಂದು ತಿಂಗಳು ಕಾಯುವ ಶಕ್ತಿ ಬರುತ್ತದೆ. ಶಾಲೆ ಫೀಸು ಬರುವುದೂ ಜೂನ್‌ನಲ್ಲೇ, ಹಸಿರು ಕಾಯಿ ಕೊಯ್ಯುವುದೂ ಜೂನ್‌ನಲ್ಲೇ. ಇವೆರಡರ ನಂಟು ಬಿಡಿಸದೆ ಕಾಡಿನ ಬಗ್ಗೆ ಎಷ್ಟು ಉಪದೇಶ ಮಾಡಿದರೂ ವ್ಯರ್ಥ.

ಪ್ರಶ್ನೆ: ನಾನು ಶಿರಸಿಯವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಅಂಗಡಿಯಲ್ಲಿ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಮಾತ್ರೆ ಡಬ್ಬಿ ನೋಡಿದೆ. ಅದು ನಮ್ಮ ಉಪ್ಪಾಗೆಯೇ ಅಂತೆ. ತಿಂದರೆ ನಿಜಕ್ಕೂ ತೂಕ ಇಳಿಯುತ್ತದಾ? ಊರಿನವರಿಗೆ ಸಹಾಯ ಆಗುವುದಾದರೆ ಕೊಳ್ಳೋಣ ಎಂದುಕೊಂಡೆ.

ಉತ್ತರ: ಹೌದು, ಅದು ನಮ್ಮ ಉಪ್ಪಾಗೆಯೇ. ಸಸ್ಯಶಾಸ್ತ್ರದವರು ಈಗ ಗಾರ್ಸಿನಿಯಾ ಗುಮ್ಮಿ-ಗುಟ್ಟ ಎನ್ನುತ್ತಾರೆ, ಕಾಂಬೋಜಿಯಾ ಹಳೆಯ ಹೆಸರು. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಅದು ಕೊಬ್ಬು ಕರಗಿಸುತ್ತದೆ ಎಂಬ ಪ್ರಚಾರ 1990ರ ದಶಕದಲ್ಲಿ ಜೋರಾಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲ ಬಂತು. 135 ಜನ, 12 ವಾರ. ಕೆಲವರಿಗೆ ಉಪ್ಪಾಗೆ ಸಾರದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಎರಡು ಗುಂಪಿನ ತೂಕದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ತಿಂದ ಕೆಲವರಿಗೆ ಲಿವರ್ ತೊಂದರೆ ಆದ ವರದಿಗಳೂ ಆಮೇಲೆ ಬಂದವು. ಹಾಗಾಗಿ ದಯವಿಟ್ಟು ತೂಕ ಇಳಿಸಲೆಂದು ಆ ಡಬ್ಬಿ ಕೊಳ್ಳಬೇಡಿ. ಊರಿನವರ ಹೆಸರಿನಲ್ಲಂತೂ ಬೇಡವೇ ಬೇಡ.

ಊರಿನವರಿಗೆ ಆ ಪ್ರಚಾರದಿಂದ ಏನಾಯಿತು ಎಂಬುದನ್ನು ಹೇಳಲೇಬೇಕು. ಅಲ್ಲಿಯವರೆಗೆ ಉಪ್ಪಾಗೆ ಎಂದರೆ ಮನೆ ಬಳಕೆ, ಅದು ಬಿಟ್ಟರೆ ಕೇರಳದ ಮೀನು ಸಾರಿಗೆ ಹೋಗುವ ಹುಳಿ. ಅವರು ಅದನ್ನು ಕುಡಂಪುಳಿ ಎನ್ನುತ್ತಾರೆ. ರಫ್ತು ಶುರುವಾದ ಮೇಲೆ ದರ ಇದ್ದಕ್ಕಿದ್ದಂತೆ ಏರಿತು. ಹಿಂದೆಂದೂ ಕಾಡಿಗೆ ಹೋಗದವರೂ ಚೀಲ ಹಿಡಿದು ಹೊರಟರು. ಹಸಿರು ಕಾಯಿ ಕೊಯ್ಯುವ ಪೈಪೋಟಿ ಜೋರಾದದ್ದು ಆಗಲೇ. ಸಿಪ್ಪೆ ಒಣಗಿಸಲು ಕಟ್ಟಿಗೆಯೂ ಅದೇ ಕಾಡಿನಿಂದ ಬಂತು. ಆಮೇಲೆ ದರ ಕುಸಿಯಿತು, ಮತ್ತೆ ಏರಿತು, ಮತ್ತೆ ಕುಸಿಯಿತು. ದೂರದ ಊರಿನ ಒಂದು ಫ್ಯಾಷನ್ ನಂಬಿಕೊಂಡು ಇಲ್ಲಿನ ಬಡವರು ಬದುಕುವಂತೆ ಆಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಡುಗೆಗೆ ಬಳಸುವವರು ನಂಬಿಕಸ್ಥ ಗಿರಾಕಿಗಳು. ಕೊಡಗಿನವರನ್ನು ನೋಡಿ. ಇದೇ ಹಣ್ಣಿನಿಂದ ಕಾಚಂಪುಳಿ ಮಾಡುತ್ತಾರೆ. ಪೂರ್ತಿ ಹಣ್ಣಾದದ್ದನ್ನು ಬುಟ್ಟಿಯಲ್ಲಿಟ್ಟು, ತಾನಾಗಿ ಸೋರಿದ ರಸವನ್ನು ಕಪ್ಪಗೆ, ಗಟ್ಟಿಯಾಗುವ ತನಕ ಕುದಿಸುತ್ತಾರೆ. ಎಳೆ ಕಾಯಿಯಿಂದ ಆ ರಸ ಬರದು. ಅಂದರೆ ಆ ಅಡುಗೆಯೇ ಹಣ್ಣಾಗುವ ತನಕ ಕಾಯುವಂತೆ ಮಾಡುತ್ತದೆ. ನೀವು ಊರಿಗೆ ಬಂದಾಗ ಒಣ ಸಿಪ್ಪೆ, ಉಪ್ಪಾಗೆ ತುಪ್ಪ, ಮುರುಗಲು ಸಿಪ್ಪೆ ಕೊಂಡುಹೋಗಿ. ಅಮ್ಮನ ಕೈಯಲ್ಲಿ ಉಪ್ಪಾಗೆ ಹಾಕಿದ ಸಾರು ಮಾಡಿಸಿಕೊಂಡು ಉಣ್ಣಿ. ಅದು ನಿಜವಾದ ಸಹಾಯ.

ಪ್ರಶ್ನೆ: ನಮ್ಮ ಬೆಟ್ಟದಲ್ಲಿ ನಾಲ್ಕು ದೊಡ್ಡ ಉಪ್ಪಾಗೆ ಮರ ಇವೆ. ಎರಡರಲ್ಲಿ ಒಂದು ಕಾಯಿಯೂ ಬಿಡುವುದಿಲ್ಲ. ಕಡಿದು ಕಟ್ಟಿಗೆ ಮಾಡಿ, ಆ ಜಾಗದಲ್ಲಿ ಸಸಿ ನೆಡಬಹುದಾ? ನಮ್ಮ ಮಾಣಿ (ಮನೆಯ ಹುಡುಗ), ಕಸಿ ಗಿಡವೇ ಒಳ್ಳೆಯದು ಎನ್ನುತ್ತಾನೆ.
– ತೋಟಿಗರು, ಶಿರಸಿ ತಾಲ್ಲೂಕು

ಉತ್ತರ: ಕಡಿಯಬೇಡಿ! ಅವು ಗಂಡು ಮರಗಳು ಇರಬೇಕು. ಉಪ್ಪಾಗೆಯಲ್ಲೂ ಮುರುಗಲಿನಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಹಾಗಂತ ಗಂಡು ಮರ ಕಡಿದರೆ ಹೆಣ್ಣು ಮರಕ್ಕೆ ಪರಾಗ ಎಲ್ಲಿಂದ ಬರಬೇಕು? ‘ಬಂಜೆ ಮರ’ ಎಂದು ಹೇಳಿ ನಮ್ಮ ಹಿಂದಿನವರು ಎಷ್ಟೋ ಗಂಡು ಮರಗಳನ್ನು ಒಲೆಗೆ ಹಾಕಿದರು. ಹೂವಿನ ಕಾಲದಲ್ಲಿ ಒಮ್ಮೆ ಹತ್ತಿರದಿಂದ ನೋಡಿ. ಹೂವು ಗೊಂಚಲಾಗಿದ್ದು, ನಡುವೆ ಕೇಸರಗಳ ಮುದ್ದೆ ಇದ್ದು, ಪುಟ್ಟ ಕಾಯಿಯ ಗುರುತೇ ಇಲ್ಲದಿದ್ದರೆ ಅದು ಗಂಡು.

ಮಾಣಿ ಹೇಳಿದ್ದು ಸರಿ. ಬೀಜದಿಂದ ಬಂದ ಸಸಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಗಂಡೇ ಬರುತ್ತವೆ, ಅದೂ ಗೊತ್ತಾಗುವುದು ಎಷ್ಟೋ ವರ್ಷ ಸಾಕಿದ ಮೇಲೆ. ಒಳ್ಳೆಯ ಫಸಲಿನ ಹೆಣ್ಣು ಮರದ ಕಡ್ಡಿಯಿಂದ ಕಸಿ ಕಟ್ಟಿದರೆ ಆ ಚಿಂತೆಯಿಲ್ಲ, ಬೇಗ ಕಾಯಿಯೂ ಬರುತ್ತದೆ. ಆದರೆ ಕಸಿಗೆ ನೇರ ಮೇಲೆ ಏರುವ ಕಡ್ಡಿ ಆರಿಸಿ. ಪಕ್ಕದ ಟೊಂಗೆಯ ಕಡ್ಡಿ ಕಟ್ಟಿದರೆ ಗಿಡ ಏಳುವುದೇ ಇಲ್ಲ, ನೆಲದ ಮೇಲೆ ಹರಡಿಕೊಳ್ಳುತ್ತದೆ.

ಬೆಟ್ಟಕ್ಕೆಲ್ಲ ಕಸಿ ತುಂಬಬೇಡಿ ಎನ್ನುವುದು ನನ್ನ ಕೋರಿಕೆ. ತೋಟದ ಅಂಚಿಗೆ ಕಸಿ, ಬೆಟ್ಟಕ್ಕೆ ಬೀಜದ ಸಸಿ. ಬೇರೆ ಬೇರೆ ತಾಯಿಮರದ ಬೀಜ ಹಾಕಿದರೆ ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಬಲಿಯಾಗುವ ಭಯ ಇರುವುದಿಲ್ಲ. ಬೀಜ ಮೊಳೆಯಲು ಐದಾರು ತಿಂಗಳು ಬೇಕಾಗುವುದುಂಟು. ಹುಟ್ಟಲಿಲ್ಲ ಎಂದು ಪಾತಿ ಅಗೆದು ಹಾಕಬೇಡಿ. ಮೇಲಿನ ಗಟ್ಟಿ ಸಿಪ್ಪೆಯನ್ನು ಹುಷಾರಾಗಿ ತೆಗೆದು ಬಿತ್ತಿದರೆ ಬೇಗ ಹುಟ್ಟುತ್ತದೆ.

ಪ್ರಶ್ನೆ: ಬೆಂಗಳೂರಿನ ಮೇಳದಲ್ಲಿ ‘ಕಾಡಿನ ಅಪ್ಪೆಮಿಡಿ’ ಎಂದು ಬರೆದ ಉಪ್ಪಿನಕಾಯಿ ಕೊಂಡೆ. ರುಚಿ ಅದ್ಭುತ. ಆಮೇಲೆ ಗೆಳತಿಯೊಬ್ಬಳು, ಅದಕ್ಕಾಗಿ ಮರವನ್ನೇ ಕಡಿಯುತ್ತಾರೆ, ತಿನ್ನಬೇಡ ಅಂದಳು. ನಿಜವಾ? ತಿನ್ನುವುದು ಬಿಡಬೇಕಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ನಡೆಯುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಅಪ್ಪೆ ಎಂದರೆ ಮಿಡಿ ಉಪ್ಪಿನಕಾಯಿಗೆ ಹೆಸರಾದ ಕಾಡುಮಾವು, ಅದರ ಮರಗಳು ನಮ್ಮ ಕಡೆಯ ಹೊಳೆದಂಡೆಯವು. ಅಘನಾಶಿನಿ, ಶರಾವತಿ, ವರದಾ, ಕಾಳಿ ಹೊಳೆಗಳ ಬದಿಗೆ ದೊಡ್ಡ ದೊಡ್ಡ ಮರಗಳಾಗಿ ನಿಂತಿರುತ್ತವೆ. ಮಿಡಿ ನೆಲಕ್ಕೆ ಬಿದ್ದರೆ ಏಟಾಗುತ್ತದೆ, ಏಟಾದ ಮಿಡಿ ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ತೊಟ್ಟು ಮುರಿಯದಂತೆ, ಸೊನೆ ಹೋಗದಂತೆ ಇಳಿಸಬೇಕು. ಅಷ್ಟು ಎತ್ತರದಿಂದ ಒಂದೊಂದೇ ಮಿಡಿ ಕೊಯ್ಯಲು ದಿನ ಬೇಕು, ನುರಿತ ಆಳು ಬೇಕು. ಟೊಂಗೆ ಕಡಿದು ಹಗ್ಗದಲ್ಲಿ ಇಳಿಸಿದರೆ ಅರ್ಧ ದಿನದ ಕೆಲಸ. ರಾತ್ರಿ ಕದ್ದು ಕೊಯ್ಯುವವರು ಇದನ್ನೇ ಮಾಡುವುದು. ಹೊಳೆದಂಡೆಯ ಮರ ಯಾರದ್ದೂ ಅಲ್ಲವಲ್ಲ. ಉಪ್ಪಾಗೆಯದ್ದೇ ಕತೆ ಇಲ್ಲೂ.

ಮಿಡಿ ಎಂದರೆ ಎಳೆ ಕಾಯಿ. ಅದನ್ನು ಹಣ್ಣಾಗಲು ಬಿಟ್ಟು ಕೊಯ್ಯಿ ಎಂದು ಹೇಳುವಂತಿಲ್ಲ. ಆದ್ದರಿಂದ ಇಲ್ಲಿ ಬೇರೆ ಲೆಕ್ಕ. ಮರದಲ್ಲಿ ಒಂದಷ್ಟು ಟೊಂಗೆಯನ್ನು ಪ್ರತಿ ವರ್ಷವೂ ಮುಟ್ಟದೆ ಬಿಡಬೇಕು. ಅಲ್ಲಿ ಬಲಿತ ಗೊರಟೆಯೇ ಮುಂದಿನ ಮರ. ಇಡೀ ಮರದ ಮಿಡಿ ಪ್ರತಿ ವರ್ಷ ಭರಣಿಗೆ ಹೋದರೆ, ಈಗಿರುವ ಮರ ಮುದಿಯಾಗಿ ಬಿದ್ದ ದಿನ ಆ ಜಾಗ ಖಾಲಿ. ನಮ್ಮಲ್ಲಿ ಎಷ್ಟೋ ಒಳ್ಳೆಯ ಜಾತಿಗಳು ಉಳಿದದ್ದು ಕಸಿಯಿಂದ. ಅನಂತ ಭಟ್ಟನ ಅಪ್ಪೆ, ಮಾಳಂಜಿ ಇವನ್ನೆಲ್ಲ ಜನರೇ ಕಸಿ ಕಟ್ಟಿ ಮನೆ ಹಿತ್ತಲಿಗೆ ತಂದುಕೊಂಡರು. ಹಿತ್ತಲಿನ ಕಸಿ ಮರ ಗಿಡ್ಡವಾಗಿರುತ್ತದೆ, ಕೈಗೆ ಎಟುಕುತ್ತದೆ. ಉಪ್ಪಿನಕಾಯಿಗೆ ಅದರ ಮಿಡಿಯೇ ಆದೀತು. ಅಪ್ಪೆಮಿಡಿಯ ಜೀರಿಗೆಯಂಥ ವಾಸನೆಗೇನೂ ಕೊರತೆಯಿಲ್ಲ.

ಅಪ್ಪೆಮಿಡಿಗೆ ಜಿಐ ಟ್ಯಾಗ್ ಸಿಕ್ಕಿದೆ. ಅದು ಈ ಊರಿನದ್ದು ಎಂಬುದಕ್ಕೆ ಗುರುತು ಅಷ್ಟೇ, ಟೊಂಗೆ ಕಡಿಯದೆ ಕೊಯ್ದದ್ದು ಎಂಬುದಕ್ಕೆ ಅಲ್ಲ. ಹಾಗಾಗಿ ಮಾರುವವರನ್ನೇ ಕೇಳಿ. ಮಿಡಿ ಎಲ್ಲಿಯದು? ಕೊಯ್ದವರು ಯಾರು? ಅವರಿಗೆ ಕೂಲಿ ದಿನದ ಲೆಕ್ಕದಲ್ಲಿ ಕೊಡುತ್ತೀರಾ, ನೂರು ಮಿಡಿಗೆ ಇಷ್ಟು ಎಂದು ಕೊಡುತ್ತೀರಾ? ದಿನಗೂಲಿ ಇದ್ದರೆ ಅವಸರವಿಲ್ಲ, ಟೊಂಗೆ ಉಳಿಯುತ್ತದೆ. ಹಿತ್ತಲ ಮರದವರು ಖುಷಿಯಿಂದ ಹೇಳುತ್ತಾರೆ. ಕದ್ದ ಮಾಲಿನವರು ಮಾತು ತೇಲಿಸುತ್ತಾರೆ. ಉಪ್ಪಿನಕಾಯಿ ಬಿಡಬೇಡಿ, ನಮ್ಮ ಎಷ್ಟೋ ಮನೆಗಳು ಅದರಿಂದ ನಡೆಯುತ್ತಿವೆ. ಕೇಳಿ ಕೊಳ್ಳಿ.

ಪ್ರಶ್ನೆ: ನಾನು ಚಾಮರಾಜನಗರದಲ್ಲಿ ಪದವಿ ಓದುತ್ತಿದ್ದೇನೆ. ಕಾಡಿನ ಹಣ್ಣು ಕಾಡಿನ ಪ್ರಾಣಿಗೆ, ಮನುಷ್ಯರು ಒಳಗೆ ಹೋಗಲೇಬಾರದು ಎಂದು ನಮ್ಮ ತರಗತಿಯಲ್ಲಿ ಚರ್ಚೆಯಾಯಿತು. ನನ್ನ ಜೊತೆ ಓದುವ ಸೋಲಿಗ ಬುಡಕಟ್ಟಿನ ಗೆಳೆಯ ಅದನ್ನು ಒಪ್ಪಲಿಲ್ಲ. ನೀವು ಏನು ಹೇಳುತ್ತೀರಿ?

ಉತ್ತರ: ನಿಮ್ಮ ಗೆಳೆಯನ ಮಾತು ಕೇಳಿ ಎನ್ನುತ್ತೇನೆ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಕಾಯಿಯ ಕತೆ ಈ ಪ್ರಶ್ನೆಗೆ ಒಳ್ಳೆಯ ಉತ್ತರ.

1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಬೇಟೆ, ಸುತ್ತು ಬೇಸಾಯ, ಕಾಡಿಗೆ ಸಣ್ಣ ಬೆಂಕಿ ಕೊಡುವುದು ಎಲ್ಲ ನಿಂತಿತು. ನೆಲ್ಲಿ, ಜೇನು, ಪಾಚಿ ಸಂಗ್ರಹ ಲ್ಯಾಂಪ್ಸ್ ಸೊಸೈಟಿಗಳ (ಆದಿವಾಸಿಗಳ ಸಹಕಾರ ಸಂಘಗಳ) ಮೂಲಕ ಮುಂದುವರಿಯಿತು. ಎಷ್ಟೋ ಪೋಡುಗಳಲ್ಲಿ (ಸೋಲಿಗರ ಹಾಡಿಗಳಲ್ಲಿ) ಕೈಗೆ ಬರುವ ನಗದು ದುಡ್ಡಿಗೆ ಇವೇ ಮುಖ್ಯ ಆಧಾರವಾಗಿದ್ದವು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, ಆ ದಶಕದ ನಡುವಿನಲ್ಲಿ, ಮಾರಾಟಕ್ಕಾಗಿ ಸಂಗ್ರಹ ಮಾಡುವುದನ್ನೂ ನಿಲ್ಲಿಸಿದರು. ಕೊಯ್ಲು ನಿಂತರೆ ನೆಲ್ಲಿ ಮರ ಚೆನ್ನಾಗಿ ಹೆಚ್ಚಬೇಕಿತ್ತು, ಅಲ್ವಾ? ಆದರೆ ಆ ಬೆಟ್ಟದಲ್ಲಿ ಸಂಶೋಧಕರು ವರ್ಷಗಟ್ಟಲೆ ಮರಗಳನ್ನು ಗುರುತು ಹಾಕಿ ನೋಡಿದಾಗ ಕಂಡ ದೊಡ್ಡ ಶತ್ರು ಬೇರೆಯೇ. ಬಂದಳಿಕೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ನೆಲ್ಲಿ ಟೊಂಗೆಗೆ ಬೇರಿಳಿಸಿ ಮರದ ಸಾರ ಹೀರುತ್ತದೆ. ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಸಾಯುತ್ತದೆ. ನೆಲದಲ್ಲಿ ಲಾಂಟಾನ ಪೊದೆ ತುಂಬಿ ಹೊಸ ಸಸಿ ಏಳುವುದೂ ಕಷ್ಟ.

ಸೋಲಿಗರು ಇದನ್ನು ಮೊದಲಿಂದ ಹೇಳುತ್ತಲೇ ಬಂದಿದ್ದರು. ಚಳಿಗಾಲದ ಕೊನೆಗೆ ಕೊಡುತ್ತಿದ್ದ ತರಗು ಬೆಂಕಿ ಎಲೆಯಷ್ಟೇ ಸುಟ್ಟು ಹೋಗುತ್ತಿತ್ತು, ಅದು ಲಾಂಟಾನವನ್ನೂ ಬಂದಳಿಕೆಯನ್ನೂ ಹಿಡಿತದಲ್ಲಿ ಇಡುತ್ತಿತ್ತು ಎನ್ನುವುದು ಅವರ ಅನುಭವ. ನೆಲ್ಲಿಗೆ ಹೋದಾಗ ಬಂದಳಿಕೆ ಹತ್ತಿದ ಟೊಂಗೆ ಕಂಡರೆ ಕಡಿದು ಬರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಮರಕ್ಕೆ ಮಾಡಿದ ಗಾಯ. ತಿಳಿದವರಿಗೆ ಅದು ಚಿಕಿತ್ಸೆ. ಕೊಯ್ಯುವ ಕೈಯನ್ನು ಹೊರಗಿಟ್ಟರೆ ಆರೈಕೆ ಮಾಡುವ ಕೈಯೂ ಹೊರಗೇ ಉಳಿಯುತ್ತದೆ. ಇದನ್ನು ನಿಮ್ಮ ತರಗತಿಯಲ್ಲಿ ಹೇಳಿ.

ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿ ಕಾಡಿನೊಳಗೆ ಆದಿವಾಸಿಗಳಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಪ್ರಾಣಿಗಳಿಗೆ ಏನು ಉಳಿಯಬೇಕು ಎಂಬ ಪ್ರಶ್ನೆ ಸರಿಯಾದದ್ದೇ. ಅದನ್ನು ತಳ್ಳಿಹಾಕುವುದಿಲ್ಲ. ಜಿಂಕೆ, ಕಡವೆ ನೆಲ್ಲಿ ತಿಂದು ಬೀಜವನ್ನು ಬೇರೆ ಕಡೆ ಉಗುಳುತ್ತವೆ. ಕಾಡಿನಲ್ಲಿ ನೆಲ್ಲಿ ಹರಡುವುದು ಹೀಗೆ. ಒಂದೂ ಕಾಯಿ ಬಿಡದೆ ಕೊಯ್ದರೆ ಜಿಂಕೆಗೂ ಇಲ್ಲ, ನಾಳೆಯ ನೆಲ್ಲಿಗೂ ಇಲ್ಲ. ನಾನು ಎಲ್ಲರಿಗೂ ಹೇಳುವುದು ಕಾಲು ಭಾಗ ಬಿಡಿ ಎಂದು. ಆದರೆ ಇಡೀ ರಾಜ್ಯಕ್ಕೆ ಒಂದೇ ಅಳತೆ ಹಾಕಿ ಕೂರಬಾರದು. ಪ್ರತಿ ವರ್ಷ ಕಾಡಿಗೆ ಹೋಗುವವರಿಗೆ ಮರದ ಬುಡ ನೋಡಿದರೆ ಗೊತ್ತಾಗುತ್ತದೆ. ಮೊಣಕಾಲೆತ್ತರದ ಸಸಿಗಳೂ ಎದೆಯೆತ್ತರದ ಸಸಿಗಳೂ ಇವೆಯಾ? ಇದ್ದರೆ ಕೊಯ್ಲು ಹದದಲ್ಲಿದೆ. ದೊಡ್ಡ ಮರ ಮಾತ್ರ ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಎರಡು ವರ್ಷ ಆ ಕಡೆ ಹೋಗುವುದು ಬೇಡ.

ಪ್ರಶ್ನೆ: ಕಟ್ಟಿಗೆ ಇಲ್ಲದೆ ಮಳೆಗಾಲದಲ್ಲಿ ಉಪ್ಪಾಗೆ ಒಣಗಿಸುವುದು ಹೇಗೆ?
– ಕುಮಟಾ

ಉತ್ತರ: ಕಟ್ಟಿಗೆ ಪೂರ್ತಿ ಬಿಡುವುದು ಕಷ್ಟ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಿಸಿಲನ್ನು ನಂಬುವಂತಿಲ್ಲ. ಆದರೆ ತೆರೆದ ಒಲೆಯ ಮೇಲಿನ ಅಟ್ಟಕ್ಕಿಂತ ಸುತ್ತ ಗೋಡೆ ಕಟ್ಟಿದ, ಹೊಗೆ ಕೊಳವೆಯಲ್ಲಿ ಹೊರಹೋಗುವ ಡ್ರೈಯರ್‌ನಲ್ಲಿ ಕಟ್ಟಿಗೆ ಬಹಳ ಕಡಿಮೆ ಸಾಕು. ಸಿಪ್ಪೆಗೆ ಹೊಗೆ ವಾಸನೆಯೂ ಹಿಡಿಯದು, ಹೆಂಗಸರ ಕಣ್ಣೂ ಉಳಿಯುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಹೆಡೆ, ಕರಟ ಉರಿಸಿ. ಹಸಿ ಮರ ಬೇಡ. ಮುರುಗಲು ಏಪ್ರಿಲ್-ಮೇ ತಿಂಗಳಲ್ಲೇ ಹಣ್ಣಾಗುವುದರಿಂದ ಅದಕ್ಕೆ ಬಿಸಿಲೇ ಸಾಕು. ಮಳೆ ಬೀಳುವ ಮೊದಲು ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮ ಊರಿನವರಿಗೆ ಉಪ್ಪಾಗೆ, ವಾಟೆಹುಳಿ, ಸೀಗೆ, ಜೇನಿನ ಮೇಲೆ ಊರಿನದ್ದೇ ಹಕ್ಕು ಬೇಕು. ಜಮೀನಿಗೆ ಹಾಕಿದ ಅರಣ್ಯ ಹಕ್ಕಿನ ಅರ್ಜಿಗಳು 75 ವರ್ಷದ ದಾಖಲೆ ಇಲ್ಲ ಎಂದು ತಿರಸ್ಕಾರವಾದವು. ಇನ್ನು ಹಣ್ಣಿಗೆ ಯಾರು ಕೊಡುತ್ತಾರೆ?
– ಗ್ರಾಮ ಅರಣ್ಯ ಸಮಿತಿ ಸದಸ್ಯರು, ಸಿದ್ದಾಪುರ ತಾಲ್ಲೂಕು

ಉತ್ತರ: ಅಣ್ಣಾ, ಜಮೀನಿನ ಅರ್ಜಿಯೇ ಬೇರೆ, ಇದೇ ಬೇರೆ. ನೀವು ಈ ಹಿಂದೆ ಹಾಕಿದ್ದು ‘ಎ’ ನಮೂನೆ, ಒಬ್ಬೊಬ್ಬರ ಹಕ್ಕಿಗೆ. ಊರಿಗೆಲ್ಲ ಸೇರಿದ ಹಕ್ಕಿಗೆ ‘ಬಿ’ ನಮೂನೆ. ಕಾಡನ್ನು ಕಾಯುವ, ನೋಡಿಕೊಳ್ಳುವ ಹಕ್ಕೂ ಬೇಕೆಂದರೆ ‘ಸಿ’ ನಮೂನೆ. ಅದು 2012ರ ತಿದ್ದುಪಡಿಯಲ್ಲಿ ಬಂದದ್ದು. ಕಿರು ಅರಣ್ಯ ಉತ್ಪನ್ನದ ಮೇಲಿನ ಒಡೆತನವನ್ನು ಕಾಯ್ದೆಯ 3(1)(ಸಿ) ಕಲಂ ಹೇಳುತ್ತದೆ. ನಾಟಾ ಬಿಟ್ಟು ಗಿಡಮರದಿಂದ ಬರುವುದೆಲ್ಲ ಅದರಲ್ಲಿ ಬರುತ್ತದೆ, ಜೇನೂ ಬರುತ್ತದೆ.

ಬುಡಕಟ್ಟಿನವರಲ್ಲದವರಿಗೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಎಂಬ ಷರತ್ತು ಇಲ್ಲೂ ಇದೆ. ಆದರೆ ಕಾಗದವೇ ಬೇಕೆಂದಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಸಮುದಾಯ ಹಕ್ಕಿನ ಸಾಕ್ಷ್ಯಗಳ ಸಾಲಿನಲ್ಲಿ ಕಾಡಿನ ತಿನ್ನುವ ಹಣ್ಣು ಸಂಗ್ರಹಿಸುವ ಜಾಗಗಳನ್ನು ನಿಯಮವೇ ಹೆಸರಿಸಿದೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇಡಬೇಕು, ಅಷ್ಟೇ. ನಿಮ್ಮೂರಿನ ಅಜ್ಜಿಯರನ್ನು ಕೂರಿಸಿ ಕೇಳಿ. ಯಾವ ಕಾನಿನಲ್ಲಿ ಯಾವ ಹಣ್ಣು ತರುತ್ತಿದ್ದರು, ಎಷ್ಟು ಹೊತ್ತಿಗೆ ಹೊರಡುತ್ತಿದ್ದರು, ಎಲ್ಲಿ ಒಣಗಿಸುತ್ತಿದ್ದರು, ಯಾವ ಸಂತೆಗೆ ಒಯ್ಯುತ್ತಿದ್ದರು. ಗಂಡಸರಿಗಿಂತ ಅವರಿಗೆ ಜಾಸ್ತಿ ಗೊತ್ತು. ಅದನ್ನು ಬರೆದು ಹೆಬ್ಬೆಟ್ಟು ಒತ್ತಿಸಿ. ಆಮೇಲೆ ಹುಡುಗರನ್ನು ಕರೆದುಕೊಂಡು ಹೋಗಿ, ಹಳ್ಳ, ಗುಡ್ಡ, ದೇವರ ಬನದ ಗುರುತು ಹಾಕಿ ಒಂದು ನಕ್ಷೆ ಬರೆಯಿರಿ.

ಅರ್ಜಿ ತೆಗೆದುಕೊಂಡು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ ಇರಬೇಕು. ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ನಿಮ್ಮ ಗ್ರಾಮ ಅರಣ್ಯ ಸಮಿತಿಯೂ ಇದೂ ಒಂದೇ ಅಲ್ಲ. ಇದನ್ನು ಆರಿಸುವುದು ಗ್ರಾಮಸಭೆ. ಗ್ರಾಮಸಭೆಯ ಠರಾವು ಆದ ಮೇಲೆ ಅರ್ಜಿ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಪ್ರತಿ ಹಂತದಲ್ಲೂ ಸ್ವೀಕೃತಿ ಪತ್ರ ಕೇಳಿ ತೆಗೆದುಕೊಳ್ಳಿ. ಹಕ್ಕು ಸಿಕ್ಕರೆ ಮಾಲು ಸಾಗಿಸುವ ಪರವಾನಗಿಯನ್ನೂ ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದು. ಗುತ್ತಿಗೆದಾರರ ಮುಂದೆ ಚೀಲ ಹಿಡಿದು ನಿಲ್ಲುವುದು ತಪ್ಪುತ್ತದೆ.

ನಿಮ್ಮ ಕಾಡು ಯಾವ ಪಟ್ಟಿಯಲ್ಲಿದೆ ಎಂಬುದನ್ನೂ ಮೊದಲು ತಿಳಿದುಕೊಳ್ಳಿ. ಅಘನಾಶಿನಿ ಕಣಿವೆ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಆದಾಗ ಜನರ ಹಕ್ಕಿಗೆ ತೊಂದರೆಯಿರಲಿಲ್ಲ. ಆ ಬಗೆಯ ಮೀಸಲಿನಲ್ಲಿ ಒಳಗಿರುವವರ ಹಕ್ಕು ಉಳಿಯುತ್ತದೆ. 2019ರಲ್ಲಿ ಅದನ್ನು ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು. ಅಭಯಾರಣ್ಯದ ಕಾನೂನು ಬೇರೆ, ಬಿಗಿ ಜಾಸ್ತಿ. ಆದರೆ ಅರಣ್ಯ ಹಕ್ಕು ಕಾಯ್ದೆ ಅಭಯಾರಣ್ಯಕ್ಕೂ ಅನ್ವಯಿಸುತ್ತದೆ. ಬಿಳಿಗಿರಿರಂಗನ ಬೆಟ್ಟವೇ ಅದಕ್ಕೆ ಸಾಕ್ಷಿ. ಬೇಗ ಅರ್ಜಿ ಹಾಕಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಯಲ್ಲಾಪುರ ತಾಲ್ಲೂಕು. ಮಕ್ಕಳಿಗೆ ಉಪ್ಪಾಗೆ ಹಣ್ಣು ಹೇಗಿರುತ್ತದೆ ಎಂದೇ ಗೊತ್ತಿಲ್ಲ. ಏನು ಮಾಡಿಸಬಹುದು?

ಉತ್ತರ: ಜುಲೈನಲ್ಲಿ ಯಾರದ್ದಾದರೂ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಚಿಕ್ಕ ಕುಂಬಳಕಾಯಿಯ ಹಾಗೆ ಉದ್ದುದ್ದ ಗೆರೆ ಇರುವ ಹಳದಿ ಹಣ್ಣು, ಒಮ್ಮೆ ನೋಡಿದರೆ ಮಕ್ಕಳು ಮರೆಯುವುದಿಲ್ಲ. ಒಳಗಿನ ತೊಳೆ ಚೀಪಲು ಕೊಡಿ. ಬೀಜ ಉಗುಳಿದ್ದನ್ನು ಒಟ್ಟು ಮಾಡಿ ತೊಳೆದು, ನೆರಳಿನಲ್ಲಿ ಪಾತಿ ಮಾಡಿ ಹಾಕಿಸಿ. ಒಣಗಿಸಿ ಇಡಬೇಡಿ, ಹುಟ್ಟುವ ಶಕ್ತಿ ಹೋಗುತ್ತದೆ. ಮೊಳಕೆ ಬರುವಷ್ಟರಲ್ಲಿ ಕ್ರಿಸ್‌ಮಸ್ ರಜೆ ಬಂದಿರಬಹುದು. ನೀರು ಹಾಕುವ ಪಾಳಿಯನ್ನು ಶಾಲೆ ಹತ್ತಿರದ ಮನೆಯ ಮಕ್ಕಳಿಗೆ ಕೊಡಿ. ಬೇಸಿಗೆಯಲ್ಲಿ ಇದೇ ರೀತಿ ಮುರುಗಲು ಬೀಜವನ್ನೂ ಹಾಕಬಹುದು. ಬೀಜ ಸಿಗದಿದ್ದರೆ ಪತ್ರ ಬರೆಯಿರಿ. ನಮ್ಮ ಗುಂಪಿನಲ್ಲಿ ಸಿಪ್ಪೆ ಬಿಡಿಸಿದ ಮೇಲೆ ತುಪ್ಪಕ್ಕೆಂದು ತೆಗೆದ ಹಸಿ ಬೀಜ ಇರುತ್ತದೆ. ಶಾಲೆಗೆ ಬೇಕಾದಷ್ಟು ತೆಗೆದಿಟ್ಟು ಬಸ್ಸಿನಲ್ಲಿ ಕಳಿಸುತ್ತೇವೆ.